ಒತ್ತಕ್ಷರ

ಇಟ್ಟಿಗೆಗೆ ಏಳ್ನೂರು. ಅದರಲ್ಲಿ ನನ್ನ ಕೂಲಿ ನಲವತ್ತು,
ಮಿಕ್ಕಿದ್ದು ಬಿದ್ದ ಗೋಡೆಗೆ, ಅಂದರು ಪಾಲಹಳ್ಳಿಯ ಫಾದರ್.
ಚರ್ಚಿನ ಬಲಕ್ಕೆ, ನಲ್ಲಿಯಿಂದ ಕ್ರೋಟನ್ ಗಿಡದವರೆಗೆ
ಹೆಸರುಗಳ ತೋಟ.

ಸಮಾಧಿಕಲ್ಲು ಕೆತ್ತಿದ ಕೈ ನನ್ನದು. ಇಟ್ಟಿಗೆ ಬೇರೆ ಜಾತಿ:
ತಲೆಕಟ್ಟು ತಡೆಯುತ್ತದೆ, ಸೊನ್ನೆಗೂ ಒಗ್ಗುತ್ತದೆ,
ಒತ್ತು ಬಂತೋ, ಅಂಚು ಚಕ್ಕೆ.
ಇನ್ನಾಸಪ್ಪ. ಚೌರಪ್ಪ. ಆರೋಗ್ಯಮ್ಮ.
ಅಪ್ಪ ಅಮ್ಮ ಇಲ್ಲದ ಹೆಸರೇ ಇಲ್ಲವಲ್ಲ ಸ್ವಾಮಿ ಈ ಊರಲ್ಲಿ!
ಮೂವತ್ತು ಒಡೆದೆ. ಒಡೆದದ್ದೆಲ್ಲ ಪಾಯಕ್ಕೆ ಹೋಯಿತು,
ಅರ್ಧರ್ಧ ಅಪ್ಪಂದಿರ ಮೇಲೆ
ಹೊಸ ಗೋಡೆ ಏಳುತ್ತಿದೆ.

ಸಂಜೆ ಬಂದಳು ಸಗಾಯಮೇರಿ,
ಆಲೆಮನೆ ಮಸಿ ಇನ್ನೂ ಸೆರಗಿನಲ್ಲಿ.
ಹತ್ತರ ನೋಟು, ಇಪ್ಪತ್ತರದು, ಎಣಿಸಿ, ತಪ್ಪಿ, ಮತ್ತೆ ಎಣಿಸಿ ಇಟ್ಟು
"ಪಾಪು ಅಂತ ಬರಿ" ಅಂದಳು.
ಪೂರ್ತಿ ಹೆಸರು ಹೇಳಮ್ಮ.
"ಅಷ್ಟೇ. ಜ್ಞಾನಸ್ನಾನಕ್ಕೆ ಇನ್ನೂ ಮೂರು ದಿನ ಇತ್ತು."

ಎರಡೇ ಅಕ್ಷರ. ಒತ್ತಿಲ್ಲ.
ಬೆಣ್ಣೆಗೆ ಇಳಿದ ಹಾಗೆ ಇಳಿಯಿತು ಉಳಿ.
ನನಗೇ ಭಯವಾಗಿ ನಿಲ್ಲಿಸಿದೆ.
ಜಾಗ ಬೇಕಾದಷ್ಟು ಉಳಿದಿದೆ, ಹೂ ಬಿಡಿಸಲೆ? ಶಿಲುಬೆ?
ಬೇಡ, ಖಾಲಿ ಇರಲಿ ಅಂದಳು.

ನಲ್ಲಿಯ ಪಕ್ಕ ಹೂತೆ.
ನನ್ನ ನಲವತ್ತು ತೆಗೆದುಕೊಂಡೆ, ಸುಳ್ಳೇಕೆ.