ತಕ್ಷಣ ಬಿಡುಗಡೆಗೆ

ಮೊದಲ ಪ್ರಕಟಣೆ ಹೀಗೆ ಶುರುವಾಗಿತ್ತು:
‘ಚಿಲೋಎ ದ್ವೀಪದ ಮಹಿಳಾ ಬಿತ್ತನೆಗೆಡ್ಡೆ ಸಹಕಾರ ಸಂಘವು
ಹರ್ಷದಿಂದ ತಿಳಿಯಪಡಿಸುವುದೇನೆಂದರೆ...’
ಆ ಹರ್ಷ ಯಾರದ್ದೋ ಈಗಲೂ ಗೊತ್ತಿಲ್ಲ.
ಅಧ್ಯಕ್ಷೆ ಎದುವೀನಾ ಅವತ್ತು ಹಲ್ಲುನೋವಿಗೆ
ಯಾರನ್ನೂ ಮಾತಾಡಿಸಿರಲಿಲ್ಲ.

ಸಾಂತಿಯಾಗೊದ ನಲವತ್ತೊಂದು ವಿಳಾಸಕ್ಕೆ ಕಳಿಸಿದೆ.
ಮೂರು ತಿರುಗಿ ಬಂದವು, ಪೆಟ್ಟಿಗೆ ತುಂಬಿದೆ ಎಂದು.
ಒಬ್ಬ ರಜೆಯಲ್ಲಿದ್ದ; ಅವನ ಪರವಾಗಿ ಯಂತ್ರ
ಧನ್ಯವಾದ ಹೇಳಿತು. ಅದನ್ನೇ
ಎರಡು ಸಲ ಓದಿದೆ.
ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಆಮೇಲೆ ಅಂಕಿ ಸೇರಿಸಿದೆ: ನೂರಾ ಹನ್ನೆರಡು ತಳಿ.
ಫೋಟೊ ಸೇರಿಸಿದೆ: ಕೊಯ್ದ ಗೆಡ್ಡೆ, ಒಳಗೊಂದು ನೇರಳೆ ಉಂಗುರ.
ನಾಲ್ಕನೆಯದರ ತಲೆಬರಹಕ್ಕೆ ಆಶ್ಚರ್ಯಸೂಚಕ ಇಟ್ಟು
ರಾತ್ರಿಯೆಲ್ಲ ನಾಚಿಕೆಪಟ್ಟು
ಐದನೆಯದರಲ್ಲಿ ಕಿತ್ತೆ.

ಪುಎರ್ತೊ ಮೊಂತ್‌ನ ಪತ್ರಿಕೆಯಲ್ಲಿ ಒಬ್ಬಳು ಫೋನೆತ್ತಿದಳು.
‘ಯಾರಾದರೂ ಸತ್ತಿದ್ದಾರಾ?’
ಒರಟಾಗಿ ಅಲ್ಲ; ಚಿಲ್ಲರೆ ಇದೆಯಾ
ಎಂದು ಅಂಗಡಿಯವಳು ಕೇಳಿದಂತೆ.
ಇಲ್ಲ ಎಂದೆ. ‘ಮಂತ್ರಿ ಬರ್ತಾರಾ?’ ಇಲ್ಲ.
‘ಭಾನುವಾರ ಜಾಗ ಉಳಿದರೆ ನೋಡೋಣ.’
ಉಳಿದ ಜಾಗದಲ್ಲಿ ಹಾಸಿಗೆಯ ಜಾಹೀರಾತು ಬಂತು.

ಗೋದಾಮಿನಲ್ಲಿ ಮೊಳಕೆಗಳನ್ನು ಕಿಟಕಿಯ ಕಡೆಗೆ ತಿರುಗಿಸುತ್ತ
ಎದುವೀನಾ ಅಂದಳು:
‘ನೀನು ಬರೆದದ್ದರಲ್ಲಿ ಜನರೇ ಇಲ್ಲವಲ್ಲ, ರೊಸೌರಾ.
ಪರಂಪರೆ ಇದೆ, ಸಂರಕ್ಷಣೆ ಇದೆ.
ಸಂರಕ್ಷಣೆಯನ್ನು ಬೇಯಿಸಿ ತಿಂದವರುಂಟಾ?’

ಆರನೆಯದನ್ನು ಕೈಯಲ್ಲೇ ಬರೆದೆ:
‘ಚೆಲಿನ್ ದ್ವೀಪದ ಒತೀಲಿಯಾ ಮಾನ್ಸಿಯಾ ಹತ್ತಿರ
ಮಾಟಗಾತಿ ಎಂಬ ಕಪ್ಪು ಆಲೂಗೆಡ್ಡೆ ಹನ್ನೊಂದೇ ಉಳಿದಿವೆ.
ಶನಿವಾರ ಕಾಸ್ತ್ರೊ ಪೇಟೆಗೆ ತರುತ್ತಾಳೆ.
ಆರನ್ನು ಕೊಡುತ್ತಾಳೆ. ಮಾರುವುದಿಲ್ಲ.
ಒಯ್ದವರು ಬರುವ ವರ್ಷ ಎರಡೆರಡು ಮರಳಿಸಬೇಕು.’

ರೇಡಿಯೊದವರ ಮನೆ ಮೀನುಕಟ್ಟೆಯ ಹಿಂದೆ.
ಮಧ್ಯಾಹ್ನ ಒಂದೂವರೆಗೆ, ದ್ವೀಪಗಳಿಗೆ ಸಂದೇಶ ಓದುವ
ದೋನ್ ಹೆರ್ಮೋಹೆನೆಸ್ ಕಾಗದ ತೆಗೆದುಕೊಂಡು
ಕನ್ನಡಕ ಹಣೆಗೇರಿಸಿ ಕೇಳಿದ:
‘ಇದು ಯಾರಿಗೆ?’

ಐದು ಪ್ರಕಟಣೆ, ನಲವತ್ತೊಂದು ವಿಳಾಸ,
ಆ ಪ್ರಶ್ನೆ ಒಮ್ಮೆಯೂ ನನಗೆ ಹೊಳೆದಿರಲಿಲ್ಲ.
‘ಅಂಗೈ ಅಗಲ ಮಣ್ಣಿದ್ದವರಿಗೆ’ ಎಂದೆ.
ಅವನು ಅದನ್ನೇ ಮೇಲೆ ಗೀಚಿಕೊಂಡ.

ಕಾಗ್ವಾಚ್‌ನ ಏಲಿಯಾಸ್‌ಗೆ: ಅಮ್ಮನನ್ನು ಆಸ್ಪತ್ರೆಯಿಂದ ಬಿಟ್ಟರು,
ಉಬ್ಬರಕ್ಕೆ ಮೊದಲು ದೋಣಿ ತಾ.
ಆಮೇಲೆ ನಮ್ಮದು.
ಆಮೇಲೆ, ಬಿಳಿ ಕಿವಿಯ ಹಂದಿಯೊಂದು ಸಿಕ್ಕಿದೆ,
ಯಾರದ್ದಾದರೂ ಬಂದು ಹೊಡೆದುಕೊಂಡು ಹೋಗಿ.

ಶನಿವಾರ ಎಂಬತ್ತು ಜನ. ಕ್ಯಾಮೆರಾ ಒಂದೂ ಇಲ್ಲ.
ಗೆಡ್ಡೆ ಆರೇ ಆದ್ದರಿಂದ ಚೀಟಿ ಎತ್ತಿದೆವು.
ಒಬ್ಬ ಹುಡುಗ ಸೋತು ಅತ್ತ.
ಒತೀಲಿಯಾ ಅವನನ್ನು ನೋಡಿದಳು, ತನ್ನ ಐದನ್ನು ನೋಡಿದಳು,
ಚೀಲದ ಬಾಯಿ ಕಟ್ಟಿದಳು.

ಸೋಮವಾರ ಪತ್ರಿಕೆಯವಳೇ ಫೋನು ಮಾಡಿದಳು.
‘ಅಜ್ಜಿ ರೇಡಿಯೊದಲ್ಲಿ ಕೇಳಿದಳಂತೆ.
ಇಂಥದ್ದನ್ನು ನಮಗೆ ಮೊದಲೇ ಹೇಳಬಾರದಿತ್ತೇ?’
ನಾಲಿಗೆ ಕಚ್ಚಿಕೊಂಡೆ.
ಹೆಸರನ್ನು ಅಕ್ಷರಕ್ಷರ ಬಿಡಿಸಿ ಹೇಳಿದೆ.

ಅಚ್ಚಾದದ್ದು ಒಫೇಲಿಯಾ ಎಂದು.
ಪಕ್ಕದಲ್ಲಿ ಯಾವುದೋ ಸೂಪರ್‌ಮಾರ್ಕೆಟ್ಟಿನ
ಸ್ನಾನ ಮಾಡಿಸಿದಂಥ ಹಳದಿ ಆಲೂಗೆಡ್ಡೆ.
ಆದರೂ ಒಂಬತ್ತು ಪ್ರತಿ ಕೊಂಡೆ.

ಪಿಂಚಣಿಯ ದಿನ ಒತೀಲಿಯಾ ಬಂದಳು. ತೋರಿಸಿದೆ.
ತಲೆಕೆಳಗಾಗಿ ಒಮ್ಮೆ, ನೆಟ್ಟಗೆ ಒಮ್ಮೆ ನೋಡಿ
‘ಇನ್ನೂ ಇವೆಯಾ?’ ಎಂದಳು.
ಎಂಟನ್ನೂ ಕೊಟ್ಟೆ.
‘ಒಳ್ಳೆಯದಾಯಿತು’ ಎನ್ನುತ್ತ ಮಡಿಸಿ ಕಂಕುಳಿಗಿಟ್ಟಳು,
‘ಗೆಡ್ಡೆಯ ಪೆಟ್ಟಿಗೆಯಡಿ ಹಾಸುತ್ತೇನೆ.
ಮಸಿಯ ವಾಸನೆಗೆ ಇಲಿ ಬರುವುದಿಲ್ಲ.’