ಎರಡನೇ ಸಲ ಇಟ್ಟ ಹೆಸರು

ಮೂರು ವರ್ಷಕ್ಕೊಮ್ಮೆ ಕೆರಗೋಡಿನ ನಮ್ಮ ಜಗಲಿಗೆ ಬರುವ
ಹೆಳವರ ಮಲ್ಲಾರಪ್ಪ ಈ ಸಲ ಎತ್ತಿನ ಮೇಲೆ ಬರಲಿಲ್ಲ,
ಟಿವಿಎಸ್ಸಿನ ಹ್ಯಾಂಡಲ್ಲಿಗೆ ಗಂಟೆ ಕಟ್ಟಿಕೊಂಡು ಬಂದ.
ನಾನಾಗ ಒಂಬತ್ತನೇ ಕ್ಲಾಸಿನ ಪಾಠಕ್ಕೆಂದು
ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ
ಶಾರ್ಲಮೇನ್ ಚಕ್ರವರ್ತಿಯ ವಂಶ ಬರೆಯುತ್ತಿದ್ದೆ,
ಬೇರು ಮೇಲಕ್ಕೆ, ಕೊಂಬೆ ಕೆಳಕ್ಕೆ.

"ಯಾರ ಮನೇದು ಮೇಷ್ಟ್ರೇ ಇದು?"
ಫ್ರಾಂಕರ ದೊರೆ, ಸಾವಿರದ ಇನ್ನೂರು ವರ್ಷದ ಹಿಂದಿನವನು.
"ಬೆಡಗು?"
ಗೊತ್ತಿಲ್ಲ ಅಂದೆ.
"ಮನೆದೇವ್ರು?"
ಏಸು ಅಂದೆ.
"ಅದು ಎಲ್ರುಗೂ ಆಯ್ತು. ಮನೇಗೆ ಅಂತ?"
ಯೋಚಿಸಿ ಹೇಳಿದೆ: ಮಾರ್ಟಿನ್ ಅನ್ನುವ ಸಂತನ
ಅರ್ಧ ಹೊದಿಕೆ ಇತ್ತಂತೆ,
ದಂಡು ಹೋದಲ್ಲೆಲ್ಲ ಜೊತೆಗೆ ಹೊರುತ್ತಿದ್ದರು.
"ಹಂಗನ್ನಿ" ಎಂದು ಚಕ್ಕಂಬಕ್ಕಲ ಹಾಕಿ ಕೂತ.

ಓದಿದೆ.
ಅಪ್ಪ ಪೆಪಿನ್, ಗಿಡ್ಡ ಎಂದೇ ಹೆಸರುವಾಸಿ.
ಅವ್ವ ಬರ್ತ್ರಾದ, ದೊಡ್ಡ ಪಾದದವಳು.
ತಾತ ಚಾರ್ಲ್ಸ್, ಸುತ್ತಿಗೆ ಅನ್ನುತ್ತಿದ್ದರು,
ಇಟ್ಟುಕೊಂಡವಳ ಹೊಟ್ಟೆಯಲ್ಲಿ ಹುಟ್ಟಿ ಮನೆ ಹಿಡಿದವನು.
ಮಲ್ಲಾರಪ್ಪ ತೊಡೆ ತಟ್ಟಿ ನಕ್ಕ:
"ನಮ್ಮೋರೇ ಬುಡಿ! ಗಿಡ್ಡೇಗೌಡ, ಸುತ್ತಿಗೆ ಕಾಳ, ಹೆಗ್ಗಾಲವ್ವ,
ನಾಲೆ ಆಚೆ ಮೂರು ಮನೆ ಬರ್ದಿವ್ನಿ."

ಆಮೇಲೆ ಅವನ ಬೆರಳು
ನಾನು ಚುಕ್ಕಿಯಲ್ಲಿ ಎಳೆದಿದ್ದ ಕೊಂಬೆಗೆ ಬಂತು.
"ಇವ ಯಾಕೆ ತೂತು ತೂತು?"
ಹಿರಿಯ ಮಗ. ಇವನೂ ಪೆಪಿನ್. ಗೂನುಬೆನ್ನು.
ತಾಯಿಯನ್ನು ಬಿಟ್ಟು ಬೇರೆ ಕಟ್ಟಿಕೊಂಡ ಅಪ್ಪ
ಆಮೇಲೆ ಹುಟ್ಟಿದ ಹುಡುಗನನ್ನು ರೋಮಿಗೆ ಒಯ್ದು
ಪೋಪನ ಕೈಯಿಂದ ತಲೆಗೆ ನೀರು ಹಾಕಿಸಿ
ಪೆಪಿನ್ ಎಂದೇ ಕರೆದ.
ಹಿರಿಯವನು ಇನ್ನೂ ಬದುಕಿದ್ದ;
ಊಟಕ್ಕೆ ಕೂಗಿದರೆ ಇಬ್ಬರೂ ತಿರುಗುತ್ತಿದ್ದರೇನೋ.
ಮುಂದೆ ದಂಗೆಗೆ ಸೇರಿ ಸಿಕ್ಕಿಬಿದ್ದ,
ತಲೆ ಬೋಳಿಸಿ ಮಠಕ್ಕೆ ಅಟ್ಟಿದರು.

ಹೆಳವ ನಗಲಿಲ್ಲ.
ಕೆಂಪು ಬಟ್ಟೆಯ ಗಂಟು ಬಿಚ್ಚಿ
ನಮ್ಮ ಮನೆಯ ಪುಟ ತೆಗೆದ.
"ನಾನಿರೋಗಂಟ ಇದ್ನ ಓದ್‌ಬ್ಯಾಡ ಅಂದಿದ್ರು ನಿಮ್ಮಪ್ಪ.
ಹೋದ ಕಾರ್ತೀಕಕ್ಕೆ ಅವ್ರೂ ಹೋದ್ರಲ್ಲ."
ಎಲ್ಲರ ಮನೆಯದನ್ನೂ ಓದುವ ಅದೇ ರಾಗದಲ್ಲಿ ಓದಿದ:
ದ್ಯಾವೀರೇಗೌಡನ ಮೊದಲ ಹೆಂಡತಿ ಕಿಕ್ಕೇರಿಯ ನಿಂಗಾಜಮ್ಮ,
ಅವಳ ಮಗ ಚಿಕ್ಕತಮ್ಮಯ್ಯ, ಎಡಗಾಲು ಸಣ್ಣ,
ಮೂರು ತುಂಬುವ ಮೊದಲೇ ತಾಯಿ ಜೊತೆ ತವರಿಗೆ.
ಎರಡನೇ ಹೆಂಡತಿ ಸಣ್ಣಮ್ಮ,
ಅವಳ ಮಗ ಚಿಕ್ಕತಮ್ಮಯ್ಯ.

ಅದು ನಾನು.
ಹಾಜರಿ ಪುಸ್ತಕದಲ್ಲಿ, ಪಹಣಿಯಲ್ಲಿ,
ಸೊಸೈಟಿ ಸಾಲದ ಚೀಟಿಯಲ್ಲಿ ನಾನು.
ಅವ್ವ ಮಾತ್ರ ಸಾಯುವತನಕ
ಆ ಹೆಸರು ಬಾಯಿಗೆ ತರಲಿಲ್ಲ.
ನನಗೆ ಐವತ್ತು ದಾಟಿದರೂ
"ಕೂಸೇ" ಅಂತಲೇ.

ಅಳಿಸಿಬಿಡಬಹುದಿತ್ತಲ್ಲ, ಅಂದೆ.
"ನಮ್ ಮೂಲಪುರುಷ ಕಾಲಿಲ್ದೋನು ಮೇಷ್ಟ್ರೇ.
ಎತ್ತಿನ ಮ್ಯಾಲೆ ಕೂರ್ಸಿ
ಊರೋರ ವಂಶ ಹೇಳ್ಕಂಡ್ ಬದ್ಕು ಅಂದ್ರು.
ಕುಂಟುನ್ನ ಅಳ್ಸೋಕೆ ನಮ್ ಕೈ ಬತ್ತದಾ?"

ಎರಡು ಬಳ್ಳ ರಾಗಿ ಕೊಟ್ಟೆ,
ಅಪ್ಪನದೊಂದು ಪಂಚೆ.
ಕ್ಯಾಲೆಂಡರಿನ ಹಾಳೆ ಗಾಳಿಗೆ ಮಗುಚಿಕೊಂಡು
ಚಕ್ರವರ್ತಿ ಕೆಳಗಾಗಿ ಲಕ್ಷ್ಮಿ ಮೇಲೆ ಬಂದಳು.
ಕೇಳಬೇಕೆಂದಿದ್ದು ಗಂಟಲಲ್ಲೇ ಇತ್ತು.
ಮಲ್ಲಾರಪ್ಪ ಗಾಡಿ ತುಳಿಯುತ್ತಾ,
ನನ್ನ ಕಡೆ ನೋಡದೆ,
"ಕಿಕ್ಕೇರಿಗೆ ಸಂಕ್ರಾಂತಿ ಕಳುದ್ಮೇಲೆ ಹೋಯ್ತಿನಿ" ಅಂದ.
"ಗಂಟ ಮುಂದಕ್ಕಿಟ್ಕಂಡ್ರೆ
ಹಿಂದೆ ಒಬ್ರು ಕೂರ್ಬೋದು."