ಅರ್ಧ ಬೆರಳು

ದೋಣಿಗಳಿಗೆ ಹೆಸರು ಬರೆಯುವುದು ನನ್ನ ಕಸುಬು.
ಮೂವತ್ತೊಂದು ವರ್ಷ, ಲೊಫೋಟೆನ್ನಿನ ಈ ಒಂದೇ ಬಂದರಿನಲ್ಲಿ,
ಮೂತಿಯ ಎಡಕ್ಕೊಂದು, ಬಲಕ್ಕೊಂದು:
ಹೆಂಡತಿಯರ ಹೆಸರು, ತೀರಿಕೊಂಡ ತಾಯಂದಿರ ಹೆಸರು,
ಒಮ್ಮೆ, ಯಾಕೋ, ಹಲ್ಲಿನ ಡಾಕ್ಟರ ಹೆಸರು.

ಐಲಿಫ್ ಬಂದದ್ದು ಜನವರಿಯಲ್ಲಿ,
ಹಿಂದೆ ಮೀನೆಣ್ಣೆ ಕಾಯಿಸುತ್ತಿದ್ದ ಶೆಡ್ಡಿನಿಂದ.
ಅಲ್ಲೀಗ ಮೂವರು ಹುಡುಗರು, ಒಂದು ಅಚ್ಚಿನ ಯಂತ್ರ, ಒಂದು ಒಲೆ.
"ಪತ್ರಿಕೆ ತರ್ತಿದೀವಿ, ಆಸ್ಲಾಗ್. ಹೆಸರು ಮೂರು ಹಲಗೆ.
ಅಲೆಯದೊಂದು, ಹಿಮದ್ದೊಂದು, ಚಕ್ರದ್ದೊಂದು.
ಮುಖಪುಟ ನೀನೇ ಮಾಡ್ಬೇಕು.
ದುಡ್ಡಿಲ್ಲ. ಮೀನಿದೆ."

ಎತ್ತು ಏರಿಗೆ, ಕೋಣ ನೀರಿಗೆ,
ಸುನ್ನಿವಾ ಒಬ್ಬಳು ಸಿಮೆಂಟಿಗೆ.
ಇಂಥವರು ಸೇರಿ ಎಳೆಯುವ ಗಾಡಿಗೆ
ನಾನು ಬಣ್ಣ ಹಚ್ಚಬೇಕು.

ಮೊದಲ ಸಂಚಿಕೆಗೆ ಅಲೆ ಕೆತ್ತಿದೆ.
ಅಡುಗೆಮನೆಯ ನೆಲದಿಂದ ಕಿತ್ತ ಲಿನೋಲಿಯಂ ತುಂಡು,
ಮೂರು ರಾತ್ರಿ; ರಾತ್ರಿಯೇನು, ಆ ತಿಂಗಳು ಸೂರ್ಯನಿಗೇ ರಜೆ.
ಕಪ್ಪು, ಅದರ ಮೇಲೆ ಇನ್ನಷ್ಟು ಕಪ್ಪು, ತುದಿಗೊಂದು ಬಿಳಿ ಗೀರು.
ಐಲಿಫ್ ತಿರುಗಿಸಿ ಮುರುಗಿಸಿ ನೋಡಿದ.
"ಸವಾರ ಎಲ್ಲಿ?"
ನಮ್ಮಪ್ಪ ಕಂಡ ಅಲೆಯ ಮೇಲೆ
ಯಾರೂ ನಿಂತಿರಲಿಲ್ಲ ಮಗಾ, ಅಂದೆ.
ಅವನು ಒಲೆಗೆ ಸೌದೆ ನೂಕಿದ. ಹಾಗೇ ಅಚ್ಚಾಯಿತು.

ಎರಡನೆಯದು ಹಿಮದ್ದು. ಹಿಮ ಬರೆಯುವುದು ಹೇಗೆ?
ಬರೆಯದೆ. ಕಾಗದ ಕಾಗದವಾಗಿಯೇ ಇರಲಿ ಎಂದು
ಕೆಳಮೂಲೆಗೊಂದು ನೀಲಿ ಕೈಗವಸು ಇಟ್ಟು ಸುಮ್ಮನಾದೆ.
ಅಂಗಡಿಯ ಯಿಂಗ್ವೆ, ಅಚ್ಚು ಕೆಟ್ಟಿದೆ ಎಂದು
ಇಪ್ಪತ್ತು ಪ್ರತಿ ವಾಪಸು ಕಳಿಸಿದ.
ಬೆಟ್ಟದ ಹುಚ್ಚಿನ ಸ್ತೂರೆ ಮಾತ್ರ
ಒಂದನ್ನು ಮಡಿಸಿ ಒಳಜೇಬಿಗೆ ಇಳಿಸಿದ.
ಯಾಕೆಂದು ನಾನು ಕೇಳಲಿಲ್ಲ.
ಕೈಗವಸಿನ ಬಣ್ಣ ಯಾರು ಹೇಳಿದರೆಂದು
ಅವನೂ ಕೇಳಲಿಲ್ಲ.

ಮೂರನೆಯದಕ್ಕೆ ಕೈಯೇ ಓಡಲಿಲ್ಲ.
ಚಕ್ರದ ಗಂಧವೇ ಇಲ್ಲದವಳು ನಾನು.
ಹೋಗಿ ಕೂತೆ, ಮೀನು ತೂಗುತ್ತಿದ್ದ ಹಳೆಯ ಹಜಾರದಲ್ಲಿ,
ಮಗುಚಿದ ತೊಟ್ಟಿಯ ಮೇಲೆ, ಥರ್ಮಾಸು ಹಿಡಿದು.
ಸುನ್ನಿವಾ ಒಂದೇ ಜಾಗದಲ್ಲಿ ಹನ್ನೊಂದು ಸಲ ಬಿದ್ದಳು.
ಅದೇ ಮೊಣಕೈ ಉಜ್ಜಿಕೊಂಡಳು.
ಹನ್ನೆರಡನೆಯ ಸಲ?
ಆಗಲೂ ಬಿದ್ದಳು.
ಸದ್ದು ಮಾತ್ರ ಬೇರೆಯಿತ್ತು. ಅವಳೇ ನಕ್ಕಳು.

ಮರುದಿನ ದೋಣಿಯ ತಳಕ್ಕೆ ಬಳಿಯುವ ಕೆಂಪು ಒಯ್ದೆ.
ಬಾಗಿಲಿಂದ ಬಾಗಿಲಿಗೆ ಕಾಗದ ಹಾಸಿ
ಅವಳ ನಾಲ್ಕೂ ಚಕ್ರಕ್ಕೆ ಬಣ್ಣ ತಿನ್ನಿಸಿ,
ಓಡಿಸು, ಅಂದೆ.
ಕಾಗದ ಹರಿಯಿತು, ಅವಳು ಬೈದಳು, ಮತ್ತೆ ಹಾಸಿದೆವು.
ಕೊನೆಗೊಮ್ಮೆ ಉಳಿಯಿತು:
ಎರಡು ಕೆಂಪು ಗೆರೆ ಬರುತ್ತವೆ,
ನಿಲ್ಲುತ್ತವೆ,
ಒಂದು ಮಾರು ದೂರ ಏನೂ ಇಲ್ಲ,
ಮತ್ತೆ ಎರಡು ಗೆರೆ, ಸ್ವಲ್ಪ ಸೊಟ್ಟ.
ಆ ಏನೂ ಇಲ್ಲದ್ದರಲ್ಲಿ ಅವಳಿದ್ದಳು.

ಅದನ್ನು ಕುಗ್ಗಿಸಿ ಕೆತ್ತಿ ಮುನ್ನೂರು ಹಾಳೆಗೆ ಕೆಂಪು ಒತ್ತಿದೆವು.
ಒಣಗಿದ ಮೇಲೆ ಕಪ್ಪು, ಪತ್ರಿಕೆಯ ಹೆಸರು.
ಅಲ್ಲೇ ಎಡವಟ್ಟಾಯಿತು.
ಕೆಂಪು ನೆರಳಿನ ಮೇಲೆ ಕೂರಬೇಕಾದ ಅಕ್ಷರ
ಅರ್ಧ ಬೆರಳು ಹಿಂದೆ ಸರಿದಿತ್ತು, ಮುನ್ನೂರರಲ್ಲೂ.
ತೂಗುವ ದೋಣಿಯಲ್ಲೂ ಜಾರದ ಕೈ ಇದು.
ನಾಚಿಕೆಗೆ ಕಿವಿ ಬಿಸಿಯಾಯಿತು. ಮತ್ತೆ ಮಾಡೋಣ ಅಂದೆ.
ಕಾಗದ ಮುಗಿದಿತ್ತು.
ಸುನ್ನಿವಾ ಒಂದನ್ನೆತ್ತಿ ದೀಪಕ್ಕೆ ಹಿಡಿದಳು.
"ಸರಿಯಾಗೇ ಇದೆಯಲ್ಲ.
ಜೋರಾಗಿ ಹೋಗ್ವಾಗ ಹೆಸರು ಸ್ವಲ್ಪ ಹಿಂದೇನೇ ಬರತ್ತೆ."

ಬೆಳಿಗ್ಗೆ ಹೋಗಿ ಇನ್ನೊಂದು ದೋಣಿಗೆ ಹೆಸರು ಬರೆದೆ,
ದಾರ ಎಳೆದು, ಅಳತೆ ಹಿಡಿದು, ಕೂದಲೆಳೆ ತಪ್ಪದಂತೆ.
ನೀರಿಗೆ ಹೋಗುವವರ ಹೆಸರು ಇದ್ದಲ್ಲೇ ಇರಬೇಕು.

ಉಗುರಿನ ಸಂದಿಯಲ್ಲಿ ಆ ಕೆಂಪು ಇನ್ನೂ ಇದೆ.
ಮುಂದಿನ ಸಂಚಿಕೆಗೆ ಮತ್ತೆ ಅಲೆಯ ಸರದಿ.
ಐಲಿಫ್ ಕೇಳಿಯೇ ಕೇಳುತ್ತಾನೆ, ಸವಾರ ಎಲ್ಲಿ ಎಂದು.
ನೋಡೋಣ.
ಒಲೆಯ ಪಕ್ಕದ ನೆಲದಲ್ಲಿ
ಕೀಳಲು ಇನ್ನೊಂದು ತುಂಡು ಉಳಿದಿದೆ.